ಚುನಾವಣೆ ನಡೆಸುವವರನ್ನು ನೇಮಿಸುವವರು ಯಾರು?

ಗ್ರಾಮ ಪಂಚಾಯಿತಿ ಸದಸ್ಯರಿಂದ ರಾಷ್ಟ್ರಪತಿಯವರೆಗೆ ಯಾರನ್ನು ಯಾರು ಆರಿಸುತ್ತಾರೆ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಪರೀಕ್ಷೆಗೆಂದು ಬಾಯಿಪಾಠ ಮಾಡಿರುತ್ತಾರೆ. ಆದರೆ ಈ ಎಲ್ಲ ಆಯ್ಕೆಗಳನ್ನು ನಡೆಸಿಕೊಡುವವರು ಯಾರು, ಅವರನ್ನು ಆ ಕುರ್ಚಿಯಲ್ಲಿ ಕೂರಿಸುವವರು ಯಾರು ಎಂದು ಕೇಳಿದರೆ ತರಗತಿಯಲ್ಲಿ ಮೌನ. "ಸರ್ಕಾರ" ಎಂದು ಹಿಂದಿನ ಬೆಂಚಿನಿಂದ ಒಂದು ಉತ್ತರ ಬರುವುದುಂಟು. ಆ ಉತ್ತರ ಪೂರ್ತಿ ತಪ್ಪಲ್ಲ, ಪೂರ್ತಿ ಸರಿಯೂ ಅಲ್ಲ.

ತಿಪಟೂರು ಮಾರುಕಟ್ಟೆಗೆ ಕೊಬ್ಬರಿ ಹಾಕುವ ನಮ್ಮ ಸೀಮೆಯ ರೈತರಿಗೆ ಈ ವಿಷಯದ ಮಹತ್ವವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಧಾರಣೆ ಎಷ್ಟೇ ಏರಲಿ, ತೂಕದ ಮೇಲೆ ಅನುಮಾನ ಬಂದರೆ ವ್ಯಾಪಾರ ಕೆಡುತ್ತದೆ. ತಕ್ಕಡಿ ಮಾರುವವನ ಕೈಯಲ್ಲೂ ಇರಬಾರದು, ಕೊಳ್ಳುವವನ ಕೈಯಲ್ಲೂ ಇರಬಾರದು. ಹಾಗಾದರೆ ಯಾರ ಕೈಯಲ್ಲಿರಬೇಕು? ಈ ಪ್ರಶ್ನೆಗೆ ಒಂದೊಂದು ದೇಶ ಒಂದೊಂದು ಉತ್ತರ ಕಂಡುಕೊಂಡಿದೆ. ನಮ್ಮ ದೇಶವೂ ಒಂದನ್ನು ಕಂಡುಕೊಂಡಿತು; ಅದರ ಬಗ್ಗೆ ಈಗಲೂ ವಾದ ನಡೆಯುತ್ತಲೇ ಇದೆ.

ಮೊದಲು ದೂರದ ಉದಾಹರಣೆ ನೋಡೋಣ. ಅಮೆರಿಕದ ಒಕ್ಕೂಟದಲ್ಲಿ ಇಡೀ ದೇಶಕ್ಕೆ ಒಂದೇ ಚುನಾವಣಾ ಆಯೋಗ ನಮ್ಮಲ್ಲಿರುವ ಹಾಗೆ ಇಲ್ಲ. ಅಧ್ಯಕ್ಷರ ಚುನಾವಣೆಯನ್ನು ಕೂಡ ಆಯಾ ರಾಜ್ಯಗಳೇ ನಡೆಸುತ್ತವೆ. ಬಹುಪಾಲು ರಾಜ್ಯಗಳಲ್ಲಿ ಈ ಕೆಲಸದ ಮುಖ್ಯಸ್ಥರಿಗೆ "ಸೆಕ್ರೆಟರಿ ಆಫ್ ಸ್ಟೇಟ್" ಎಂದು ಹೆಸರು. ವಾಷಿಂಗ್ಟನ್ನಿನ ವಿದೇಶಾಂಗ ಸಚಿವರಿಗೂ ಇದೇ ಹೆಸರಿರುವುದರಿಂದ ಓದುವವರಿಗೆ ಗೊಂದಲವಾಗುತ್ತದೆ; ಇವರು ಬೇರೆ, ಅವರು ಬೇರೆ. ಸುಮಾರು 35 ರಾಜ್ಯಗಳಲ್ಲಿ ಈ ಅಧಿಕಾರಿಯನ್ನು ರಾಜ್ಯದ ಮತದಾರರೇ ನೇರವಾಗಿ ಆರಿಸುತ್ತಾರೆ. ಅಂದರೆ ಚುನಾವಣೆ ನಡೆಸುವ ಅಧಿಕಾರಿಯೇ ಪಕ್ಷದ ಟಿಕೆಟ್ ಪಡೆದು, ಪ್ರಚಾರ ಮಾಡಿ, ದೇಣಿಗೆ ಎತ್ತಿ, ಗೆದ್ದು ಬರುತ್ತಾರೆ! ನಮ್ಮ ಜಿಲ್ಲಾಧಿಕಾರಿಗಳು ಕೈಮುಗಿದುಕೊಂಡು ಮನೆಮನೆಗೆ ಓಟು ಕೇಳುವುದನ್ನು ಊಹಿಸಿಕೊಳ್ಳಿ. ನಮಗೆ ನಗು ಬರುತ್ತದೆ. ಅವರಿಗೆ ನಮ್ಮ ಪದ್ಧತಿ ವಿಚಿತ್ರವಾಗಿ ಕಾಣುತ್ತದೆ: ಜನ ಆರಿಸದ ಅಧಿಕಾರಿ ಜನರಿಗೆ ಹೇಗೆ ಉತ್ತರ ಹೇಳುತ್ತಾನೆ ಎಂದು ಅವರು ಕೇಳುತ್ತಾರೆ.

ಆ ಪದ್ಧತಿಯ ಕಷ್ಟ ಜಗತ್ತಿಗೆಲ್ಲ ತಿಳಿದದ್ದು 2000ನೇ ಇಸವಿಯಲ್ಲಿ. ಫ್ಲಾರಿಡಾ ರಾಜ್ಯದಲ್ಲಿ ಜಾರ್ಜ್ ಬುಷ್ ಮತ್ತು ಅಲ್ ಗೋರ್ ನಡುವೆ ಕೂದಲೆಳೆಯ ಅಂತರ. ಮರು ಎಣಿಕೆ ಎಷ್ಟು ದಿನ ನಡೆಯಬೇಕು, ಯಾವಾಗ ಫಲಿತಾಂಶ ಪ್ರಮಾಣೀಕರಿಸಬೇಕು ಎಂಬ ನಿರ್ಧಾರಗಳು ಕ್ಯಾಥರೀನ್ ಹ್ಯಾರಿಸ್ ಎಂಬ ಸೆಕ್ರೆಟರಿ ಆಫ್ ಸ್ಟೇಟ್ ಮುಂದೆ ಬಂದವು. ಆಕೆ 1998ರಲ್ಲಿ ರಿಪಬ್ಲಿಕನ್ ಪಕ್ಷದಿಂದ ಗೆದ್ದವರು ಮಾತ್ರವಲ್ಲ, ಅದೇ ರಾಜ್ಯದಲ್ಲಿ ಬುಷ್ ಪ್ರಚಾರ ಸಮಿತಿಯ ಸಹ ಅಧ್ಯಕ್ಷೆಯೂ ಆಗಿದ್ದರು. ನವೆಂಬರ್ 26ರಂದು ಬುಷ್ 537 ಮತಗಳಿಂದ ಗೆದ್ದರೆಂದು ಆಕೆ ಪ್ರಮಾಣೀಕರಿಸಿದರು. ಡಿಸೆಂಬರ್ 12ರಂದು ಸುಪ್ರೀಂ ಕೋರ್ಟಿನ ತೀರ್ಪಿನೊಂದಿಗೆ ಮರು ಎಣಿಕೆ ನಿಂತಿತು. ಆಕೆ ಕಾನೂನು ಮೀರಿದರೋ ಇಲ್ಲವೋ ಎಂಬ ವಾದ ಹಾಗಿರಲಿ; ಸೋತ ಪಕ್ಷದ ಯಾವನೂ ಆ ತಕ್ಕಡಿಯನ್ನು ನಂಬಲಿಲ್ಲ. ವಿಶೇಷವೆಂದರೆ ಆ ರಾಜ್ಯದವರು 1998ರಲ್ಲೇ ತಮ್ಮ ಸಂವಿಧಾನ ತಿದ್ದಿ, 2003ರಿಂದ ಈ ಹುದ್ದೆಯನ್ನು ರಾಜ್ಯಪಾಲರ ನೇಮಕಕ್ಕೆ ಬಿಡಲು ತೀರ್ಮಾನಿಸಿದ್ದರು. ಹೀಗಾಗಿ ಫ್ಲಾರಿಡಾದಲ್ಲಿ ಜನರಿಂದ ಆರಿಸಿಬಂದ ಕೊನೆಯ ಸೆಕ್ರೆಟರಿ ಆಕೆಯೇ.

2018ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಇನ್ನೂ ಮುಂದಿನ ಹೆಜ್ಜೆ. ಅಲ್ಲಿ ಸೆಕ್ರೆಟರಿ ಆಗಿದ್ದ ಬ್ರಯಾನ್ ಕೆಂಪ್ ಆ ಕುರ್ಚಿಯಲ್ಲಿ ಇದ್ದುಕೊಂಡೇ ರಾಜ್ಯಪಾಲರ ಹುದ್ದೆಗೆ ಸ್ಪರ್ಧಿಸಿದರು. ಅಂದರೆ ತಾವೇ ಉಮೇದುವಾರ, ತಾವೇ ಚುನಾವಣೆಯ ಉಸ್ತುವಾರಿ. ಮತದಾನ ಮುಗಿದು ಎರಡು ದಿನಗಳಾದ ಮೇಲೆ ರಾಜೀನಾಮೆ ಕೊಟ್ಟರು. ಆದರೆ ಅದೇ ಜಾರ್ಜಿಯಾದಲ್ಲಿ ಮುಂದೆ ಆ ಹುದ್ದೆಗೆ ಬಂದ ಬ್ರಾಡ್ ರಾಫೆನ್ಸ್‌ಪರ್ಗರ್ ಎಂಬುವರ ಕಥೆ ಬೇರೆ ಪಾಠ ಹೇಳುತ್ತದೆ. 2021ರ ಜನವರಿ 2ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರಿಗೆ ದೂರವಾಣಿ ಮಾಡಿ, ತಮಗೆ ಗೆಲುವಿಗೆ ಬೇಕಾದ 11,780 ಮತಗಳನ್ನು ಹುಡುಕಿಕೊಡಬೇಕೆಂದು ಕೇಳಿದರು. ಇಬ್ಬರದೂ ಒಂದೇ ಪಕ್ಷ. ಆದರೂ ಈತ ಎಣಿಕೆಯ ಲೆಕ್ಕ ಸರಿಯಾಗಿದೆ ಎಂದು ನಿಂತುಬಿಟ್ಟರು. 2022ರಲ್ಲಿ ಮತ್ತೆ ಮತದಾರರ ಮುಂದೆ ಹೋದಾಗ, ಪಕ್ಷದೊಳಗಿನ ಸ್ಪರ್ಧೆಯಲ್ಲಿ ಟ್ರಂಪ್ ಬೆಂಬಲಿಸಿದ ಎದುರಾಳಿಯನ್ನು ಸೋಲಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಅರಿಜೋನಾ, ನೆವಾಡ, ಮಿಷಿಗನ್ ರಾಜ್ಯಗಳಲ್ಲಿ, 2020ರ ಫಲಿತಾಂಶವನ್ನೇ ಒಪ್ಪದ ಅಭ್ಯರ್ಥಿಗಳು ಈ ಹುದ್ದೆಗೆ ಸ್ಪರ್ಧಿಸಿ ಮೂರೂ ಕಡೆ ಸೋತರು. ಹಿಂದೆ ಯಾರೂ ಕಣ್ಣೆತ್ತಿ ನೋಡದಿದ್ದ ಈ ಸ್ಪರ್ಧೆಗಳನ್ನು ಆ ವರ್ಷ ದೇಶವೇ ನೋಡಿತು.

ಇನ್ನು ನಮ್ಮ ಕಡೆಗೆ ಬರೋಣ.

ಮೈಸೂರು ಸಂಸ್ಥಾನಕ್ಕೆ ಪ್ರಾತಿನಿಧ್ಯದ ಚರಿತ್ರೆ ಹಳೆಯದು. ದಿವಾನ್ ರಂಗಾಚಾರ್ಲು ಅವರ ಪ್ರಯತ್ನದಿಂದ ಮೈಸೂರು ಪ್ರಜಾಪ್ರತಿನಿಧಿ ಸಭೆ 1881ರ ಅಕ್ಟೋಬರ್ 7ರಂದು ದಸರಾ ಸಮಯದಲ್ಲಿ ಮೊದಲ ಬಾರಿಗೆ ಸೇರಿತು. ಬಂದವರು 144 ಮಂದಿ. ಹೆಚ್ಚಿನವರು ರೈತರು, ವರ್ತಕರು. ಆದರೆ ಅವರು ಇಂದಿನ ಅರ್ಥದಲ್ಲಿ ಚುನಾಯಿತರಲ್ಲ. ಅನುಕೂಲಸ್ಥರನ್ನು ಗುರುತಿಸಿ ಕಳುಹಿಸಿದ್ದು ಅಷ್ಟೇ. 1891ರ ಹೊತ್ತಿಗೆ ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಆಯ್ಕೆಯ ಪದ್ಧತಿ ಬಂತು. ಆದರೆ ಕಂದಾಯ ಕಟ್ಟುವ ಅಥವಾ ವಿದ್ಯೆ ಪಡೆದ ಕೆಲವರಿಗೆ ಮಾತ್ರ ಮತ. 1923ರ ಸುಧಾರಣೆಯಲ್ಲಿ ಸಭೆಗೆ ಶಾಸನದ ಬಲ ಬಂತು, ಅರ್ಹತೆಯುಳ್ಳ ಹೆಂಗಸರಿಗೂ ಮತ ಸಿಕ್ಕಿತು, ಮುಸ್ಲಿಮರೂ ಸೇರಿದಂತೆ ಅಲ್ಪಸಂಖ್ಯಾತರ ಪ್ರಾತಿನಿಧ್ಯಕ್ಕೆ ಅವಕಾಶವಾಯಿತು. ಈ ಎಲ್ಲ ಕಾಲದಲ್ಲೂ ಚುನಾವಣೆಯನ್ನು ನಡೆಸುತ್ತಿದ್ದವರು ಕಂದಾಯ ವಸೂಲು ಮಾಡುವ ಅಧಿಕಾರಿಗಳೇ.

ಇಲ್ಲಿ ಭಾಷಾ ಶಿಕ್ಷಕರಿಗೆ ಸಹಜವಾದ ಒಂದು ಮಾತು. ಚುನಾವಣೆಗೆ ನಿಂತವರನ್ನು ಕನ್ನಡದಲ್ಲಿ ಉಮೇದುವಾರ ಎನ್ನುತ್ತೇವೆ. ಇದು ಫಾರಸಿಯಿಂದ ಉರ್ದುವಿಗೂ ಕನ್ನಡಕ್ಕೂ ಬಂದ ಪದ. "ಉಮ್ಮೀದ್" ಎಂದರೆ ಆಸೆ, ಭರವಸೆ. ಆಸೆ ಹೊತ್ತು ಬಂದವನು ಉಮೇದುವಾರ. ಜಿಲ್ಲೆ, ತಾಲ್ಲೂಕು, ತಹಶೀಲ್ದಾರ್, ಅಮಲ್ದಾರ್ ಎಲ್ಲವೂ ಅದೇ ದಾರಿಯಲ್ಲಿ ಬಂದವು. ಉಮೇದುವಾರನೂ ತಹಶೀಲ್ದಾರನೂ ಒಂದೇ ಭಾಷೆಯಿಂದ ಬಂದಿದ್ದರೂ ಇಬ್ಬರ ಪಾತ್ರ ಒಂದಾಗಬಾರದು ಎಂಬುದೇ ಈ ಲೇಖನದ ಇಡೀ ವಿಷಯ.

ಸ್ವಾತಂತ್ರ್ಯ ಬಂದಾಗ ದೇಶದ ಮುಂದೆ ಇದ್ದ ಕೆಲಸ ಸಣ್ಣದಲ್ಲ. ವಯಸ್ಕರಿಗೆಲ್ಲ ಮತ ಎಂದು ತೀರ್ಮಾನವಾಗಿತ್ತು. ಸಂವಿಧಾನ ಇನ್ನೂ ಸಿದ್ಧವಾಗುವ ಮೊದಲೇ, 1947ರ ಕೊನೆಯಲ್ಲೇ, ಮತದಾರರ ಪಟ್ಟಿಯ ಸಿದ್ಧತೆ ಆರಂಭವಾಯಿತು. ಅದರ ಹಿಂದೆ ಇದ್ದದ್ದು ಸಂವಿಧಾನ ಸಭೆಯ ಸಚಿವಾಲಯ. ಸಭೆಯ ಸಾಂವಿಧಾನಿಕ ಸಲಹೆಗಾರರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರು. ಕನ್ನಡ ನಾಡಿನ ಈ ಹಿರಿಯರ ಹೆಸರು ನಮ್ಮ ಮಕ್ಕಳಿಗೆ ಅಷ್ಟಾಗಿ ತಿಳಿಯದು.

ಕರಡು ಸಂವಿಧಾನದ 289ನೇ ವಿಧಿಯಲ್ಲಿ ಮೊದಲು ಇದ್ದ ಯೋಜನೆ ಹೀಗಿತ್ತು: ಸಂಸತ್ತಿನ ಚುನಾವಣೆಗೆ ಕೇಂದ್ರದಲ್ಲಿ ಒಂದು ಆಯೋಗ, ಪ್ರತಿ ರಾಜ್ಯದ ಶಾಸನಸಭೆಯ ಚುನಾವಣೆಗೆ ಅಲ್ಲಿನ ರಾಜ್ಯಪಾಲರು ನೇಮಿಸುವ ಒಂದು ಆಯೋಗ. ಅದು ಹಾಗೆಯೇ ಉಳಿದಿದ್ದರೆ ವಿಧಾನಸಭೆಯ ಚುನಾವಣೆಗೆ ಪ್ರತಿ ರಾಜ್ಯದಲ್ಲೂ ಬೇರೆ ಯಜಮಾನರು ಇರುತ್ತಿದ್ದರು. 1949ರ ಜೂನ್ 15ರಂದು ಡಾ. ಅಂಬೇಡ್ಕರ್ ಇದನ್ನು ಬದಲಿಸುವ ತಿದ್ದುಪಡಿ ಮಂಡಿಸಿದರು. ಅವರು ಕೊಟ್ಟ ಕಾರಣವನ್ನು ನಮ್ಮಂಥವರು ವಿಶೇಷವಾಗಿ ಗಮನಿಸಬೇಕು. ಕೆಲವು ಪ್ರಾಂತ್ಯಗಳಲ್ಲಿ ಜನಾಂಗದಿಂದಲೋ ಭಾಷೆಯಿಂದಲೋ ಸಂಸ್ಕೃತಿಯಿಂದಲೋ ಸ್ಥಳೀಯ ಬಹುಸಂಖ್ಯಾತರಿಗಿಂತ ಬೇರೆಯಾದವರನ್ನು ಮತದಾರರ ಪಟ್ಟಿಯಿಂದ ಹೊರಗಿಡುವ ಪ್ರಯತ್ನ ನಡೆಯುತ್ತಿದೆ ಎಂಬ ದೂರುಗಳು ಬಂದಿವೆ ಎಂದರು. ಯಾರೋ ಒಬ್ಬ ಸ್ಥಳೀಯ ಅಧಿಕಾರಿಯ ಇಷ್ಟಾನಿಷ್ಟಗಳಿಂದ ಯಾವ ಪ್ರಜೆಯೂ ಪಟ್ಟಿಯಿಂದ ಬಿಟ್ಟುಹೋಗಬಾರದು. ಅದಕ್ಕಾಗಿ ಇಡೀ ದೇಶಕ್ಕೆ ಒಂದೇ ಆಯೋಗವಿರಲಿ ಎಂಬುದು ಅವರ ವಾದ. ಅಂದರೆ ನಮ್ಮ ಚುನಾವಣಾ ಆಯೋಗ ಇಂದಿನ ರೂಪದಲ್ಲಿ ಹುಟ್ಟಿದ ಕಾರಣಗಳಲ್ಲಿ ಮುಖ್ಯವಾದದ್ದು ಹೆಸರು ಬಿಟ್ಟುಹೋಗುವ ಭಯವೇ.

ಎಲ್ಲರೂ ಒಪ್ಪಲಿಲ್ಲ. ಹೃದಯನಾಥ ಕುಂಜ್ರು ಅವರು ರಾಜ್ಯಗಳ ಅಧಿಕಾರ ಕಿತ್ತುಕೊಂಡು ಎಲ್ಲವನ್ನೂ ಕೇಂದ್ರದ ಕೈಗೆ ಕೊಡುವುದು ಸರಿಯೇ ಎಂದು ಆಕ್ಷೇಪಿಸಿದರು. ಶಿಬ್ಬನ್ ಲಾಲ್ ಸಕ್ಸೇನಾ ಇನ್ನೂ ಮುಖ್ಯವಾದ ಪ್ರಶ್ನೆ ಎತ್ತಿದರು: ಮುಖ್ಯ ಚುನಾವಣಾ ಆಯುಕ್ತರನ್ನು ರಾಷ್ಟ್ರಪತಿ ನೇಮಿಸುತ್ತಾರೆ ಎಂದರೆ ವಾಸ್ತವದಲ್ಲಿ ಪ್ರಧಾನಿಯೇ ನೇಮಿಸಿದಂತೆ. ಆದ್ದರಿಂದ ಸಂಸತ್ತಿನ ಎರಡೂ ಸದನಗಳು ಒಟ್ಟಿಗೆ ಕೂತು ಮೂರನೇ ಎರಡು ಬಹುಮತದಿಂದ ಆ ನೇಮಕವನ್ನು ಒಪ್ಪಬೇಕು ಎಂದು ಅವರು ಸೂಚಿಸಿದರು. ನಮ್ಮ ಸಂವಿಧಾನ ಸಭೆಯಲ್ಲಿ "ಚುನಾವಣೆ ನಡೆಸುವವರ ಚುನಾವಣೆ"ಗೆ ಹತ್ತಿರ ಬಂದ ಮಾತೆಂದರೆ ಇದೇ. ಅಂಬೇಡ್ಕರ್ ಈ ಆತಂಕವನ್ನು ತಳ್ಳಿಹಾಕಲಿಲ್ಲ. ಮೂರ್ಖನೋ ವಂಚಕನೋ ಸರ್ಕಾರದ ಹಿಡಿತದಲ್ಲಿರುವವನೋ ಆ ಕುರ್ಚಿಗೆ ಬಂದರೆ, ತೆಗೆಯಲಾಗದಂತೆ ರಕ್ಷಣೆ ಕೊಟ್ಟು ಏನು ಪ್ರಯೋಜನ ಎಂದು ಅವರೇ ಕೇಳಿಕೊಂಡರು. ಆದರೂ ಸಕ್ಸೇನಾ ಸೂಚನೆ ಅಂಗೀಕಾರವಾಗಲಿಲ್ಲ. ಸಂಸತ್ತು ಮುಂದೆ ಕಾನೂನು ಮಾಡಬಹುದು ಎಂಬ ಒಂದು ವಾಕ್ಯ ಮಾತ್ರ ಉಳಿಯಿತು. ಆ ಕಾನೂನು ಬರಲು ಎಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

ಇದೇ ಸಂದರ್ಭದಲ್ಲಿ ಇನ್ನೊಂದು ವಿಷಯ. ರಾಜ್ಯಪಾಲರನ್ನು ವಯಸ್ಕ ಮತದಾನದಿಂದಲೇ ಆರಿಸಬೇಕೆಂದು 1947ರಲ್ಲಿ ತೀರ್ಮಾನವಾಗಿತ್ತು. 1949ರ ಮೇ ಕೊನೆಯಲ್ಲಿ, ಅಂದರೆ ಈ ಚರ್ಚೆಗೆ ಎರಡು ವಾರ ಮೊದಲು, ಅದನ್ನು ಕೈಬಿಟ್ಟು ನೇಮಕದ ಪದ್ಧತಿ ತಂದರು. ಇಡೀ ರಾಜ್ಯದಿಂದ ನೇರವಾಗಿ ಆರಿಸಿಬರುವ ಯಾವ ಹುದ್ದೆಯೂ ನಮ್ಮಲ್ಲಿ ಉಳಿಯಲಿಲ್ಲ.

324ನೇ ವಿಧಿಯಾಗಿ ಬಂದ ಈ ನಿಯಮ 1949ರ ನವೆಂಬರ್ 26ರಂದೇ, ಗಣರಾಜ್ಯಕ್ಕೆ ಎರಡು ತಿಂಗಳು ಮೊದಲೇ, ಜಾರಿಗೆ ಬಂತು. ಆಯೋಗ ಸ್ಥಾಪನೆಯಾದದ್ದು 1950ರ ಜನವರಿ 25ರಂದು. ಮಾರ್ಚಿನಲ್ಲಿ ಬಂದ ಮೊದಲ ಆಯುಕ್ತರು ಸುಕುಮಾರ್ ಸೇನ್. ಪಶ್ಚಿಮ ಬಂಗಾಳದ ಮುಖ್ಯ ಕಾರ್ಯದರ್ಶಿಯಾಗಿದ್ದವರು, ಲಂಡನ್ನಿನಲ್ಲಿ ಗಣಿತ ಓದಿದವರು. ಅವರ ಮುಂದೆ 17 ಕೋಟಿ 30 ಲಕ್ಷಕ್ಕೂ ಹೆಚ್ಚು ಮತದಾರರು, ಅವರಲ್ಲಿ ಬಹುಪಾಲು ಜನ ಓದು ಬರಹ ಬಾರದವರು. 2 ಲಕ್ಷ 24 ಸಾವಿರ ಮತಗಟ್ಟೆಗಳು, 20 ಲಕ್ಷ ಉಕ್ಕಿನ ಪೆಟ್ಟಿಗೆಗಳು, ಪ್ರತಿ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆ. 1951ರ ಅಕ್ಟೋಬರ್ 25ರಿಂದ 1952ರ ಫೆಬ್ರವರಿ 21ರವರೆಗೆ ಮತದಾನ ನಡೆಯಿತು.

ಸೇನ್ ತೆಗೆದುಕೊಂಡ ಒಂದು ಕಠಿಣ ತೀರ್ಮಾನ ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಈಗಲೂ ಹೇಳಬೇಕಾದದ್ದು. ಉತ್ತರದ ಹಲವು ಕಡೆ ಹೆಂಗಸರು ಪಟ್ಟಿಗೆ ತಮ್ಮ ಹೆಸರು ಹೇಳಲು ಒಪ್ಪಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಬರೆಸಿದರು. ಹೆಸರಿಲ್ಲದ ಮತದಾರರು ಬೇಡವೆಂದು ಆಯೋಗ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ತೆಗೆದುಹಾಕಿತು. ಅದು ಅನ್ಯಾಯವಲ್ಲವೇ ಎಂದು ಕೇಳಬಹುದು. ಅಂದಿನ ಮಟ್ಟಿಗೆ ಅನ್ಯಾಯವೇ ಎಂದು ನನ್ನ ಅಭಿಪ್ರಾಯ. ಆದರೆ ಮುಂದಿನ ಚುನಾವಣೆಗಳಲ್ಲಿ ಹೆಂಗಸರು ತಮ್ಮ ಸ್ವಂತ ಹೆಸರಿನಲ್ಲಿ ಪಟ್ಟಿಗೆ ಬಂದದ್ದಕ್ಕೆ ಆ ಪೆಟ್ಟೂ ಒಂದು ಕಾರಣ.

ನಮ್ಮಲ್ಲಿ ಹೆಸರು ಹೇಳಿದರೂ ಬರೆಯುವ ತೊಂದರೆ ಬೇರೆ. ಒಂದೇ ಮನೆಯಲ್ಲಿ ತಂದೆ ಮೊಹಮ್ಮದ್, ಮಗ ಮಹಮದ್, ಅಣ್ಣ ಮೊಹಮದ್ ಎಂದು ಪಟ್ಟಿಯಲ್ಲಿರುತ್ತಾರೆ. "ಉನ್ನೀಸಾ" ಎಂದು ಮುಗಿಯುವ ಹೆಸರುಗಳನ್ನು ನಾಲ್ಕು ಕಡೆ ನಾಲ್ಕು ರೀತಿ ಬರೆದಿರುತ್ತಾರೆ. ಪಡಿತರ ಚೀಟಿಯಲ್ಲಿ ಬೀ, ಮತದಾರರ ಪಟ್ಟಿಯಲ್ಲಿ ಬಾನು. ಕಾಗುಣಿತ ಸ್ವಲ್ಪ ಬೇರೆ ಎಂಬ ಒಂದೇ ಕಾರಣಕ್ಕೆ, ಗುರುತು ಬೇರೆ ರೀತಿಯಲ್ಲಿ ಖಚಿತವಾಗಿರುವ ಮತದಾರರನ್ನು ಹಿಂದಕ್ಕೆ ಕಳುಹಿಸಬಾರದು ಎಂದು ಮತಗಟ್ಟೆ ಸಿಬ್ಬಂದಿಗೆ ಸೂಚನೆ ಇದೆ. ಆದರೂ ನಮೂನೆ 8ರಲ್ಲಿ ಮೊದಲೇ ತಿದ್ದಿಸಿಕೊಂಡರೆ ಸಾಲಿನಲ್ಲಿ ನಿಂತು ವಾದ ಮಾಡುವ ಕಷ್ಟವಿರುವುದಿಲ್ಲ.

ಚುನಾವಣೆಗೆ ಬೇಕಾದ ಒಂದು ವಸ್ತುವನ್ನು ನಮ್ಮ ಮೈಸೂರೇ ದೇಶಕ್ಕೆ ಕೊಡುತ್ತಾ ಬಂದಿದೆ. ನಾಲ್ವಡಿ ಕೃಷ್ಣರಾಜ ಒಡೆಯರ್ 1937ರಲ್ಲಿ ಸ್ಥಾಪಿಸಿದ ಅರಗು ಮತ್ತು ಬಣ್ಣದ ಕಾರ್ಖಾನೆ 1962ರ ಮಹಾಚುನಾವಣೆಯಿಂದ ದೇಶಕ್ಕೆಲ್ಲ ಬೆರಳಿನ ಶಾಯಿ ಒದಗಿಸುತ್ತಾ ಬಂದಿದೆ. ಈಗ ಅದರ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್. ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಹಿಡಿದು ಬೆಳಕಿಗೆ ಕಪ್ಪಾಗುತ್ತದೆ ಎಂಬುದನ್ನು ವಿಜ್ಞಾನ ಶಿಕ್ಷಕರು ಹೇಳಿಕೊಡಬಹುದು.

ಹಾಗಾದರೆ ಕರ್ನಾಟಕದಲ್ಲಿ ಆ ಅಮೆರಿಕದ ಸೆಕ್ರೆಟರಿಯ ಜಾಗದಲ್ಲಿ ಯಾರಿದ್ದಾರೆ? ಮುಖ್ಯ ಚುನಾವಣಾಧಿಕಾರಿ. ಮುಖ್ಯ ಚುನಾವಣಾ ಆಯುಕ್ತರು ದೆಹಲಿಯಲ್ಲಿ, ಮುಖ್ಯ ಚುನಾವಣಾಧಿಕಾರಿ ಬೆಂಗಳೂರಿನಲ್ಲಿ. ಪರೀಕ್ಷೆಯಲ್ಲಿ ಇವೆರಡನ್ನು ಬೆರೆಸುವವರು ಬಹಳ. 1950ರ ಜನತಾ ಪ್ರಾತಿನಿಧ್ಯ ಕಾಯಿದೆಯ 13ಎ ಕಲಂ ಪ್ರಕಾರ, ರಾಜ್ಯ ಸರ್ಕಾರದ ಜೊತೆ ಸಮಾಲೋಚಿಸಿ ಚುನಾವಣಾ ಆಯೋಗವೇ ಒಬ್ಬ ಸರ್ಕಾರಿ ಅಧಿಕಾರಿಯನ್ನು ಈ ಹುದ್ದೆಗೆ ಹೆಸರಿಸುತ್ತದೆ. ರೂಢಿಯಲ್ಲಿ ಸರ್ಕಾರ ಕೆಲವು ಐಎಎಸ್ ಅಧಿಕಾರಿಗಳ ಹೆಸರು ಕಳುಹಿಸುತ್ತದೆ, ಆಯೋಗ ಒಬ್ಬರನ್ನು ಆರಿಸುತ್ತದೆ. 2023ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ಮನೋಜ್ ಕುಮಾರ್ ಮೀನಾ ಆ ಸ್ಥಾನದಲ್ಲಿದ್ದರು. ಈ ಅಧಿಕಾರಿಗೆ ಕಾನೂನಿನಲ್ಲಿ ಒಂದು ವಿಚಿತ್ರ ಸ್ಥಾನವಿದೆ. ಸೇವೆ ರಾಜ್ಯ ಸರ್ಕಾರದ್ದು, ಮುಂದಿನ ವರ್ಗಾವಣೆ ರಾಜ್ಯ ಸರ್ಕಾರದ್ದು. ಆದರೆ ಚುನಾವಣೆಯ ಕೆಲಸದಲ್ಲಿ ಇರುವಷ್ಟು ಕಾಲ ಇವರು ಆಯೋಗದ ನಿಯೋಜನೆಯಲ್ಲಿದ್ದಾರೆ, ಅದರ ಶಿಸ್ತಿಗೆ ಒಳಪಟ್ಟಿದ್ದಾರೆ ಎಂದು 13ಸಿಸಿ ಕಲಂ ಹೇಳುತ್ತದೆ. ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ, ತಹಶೀಲ್ದಾರರು, ಕೊನೆಗೆ ಮನೆಮನೆಗೆ ಬರುವ ಮತಗಟ್ಟೆ ಮಟ್ಟದ ಅಧಿಕಾರಿಯವರೆಗೆ ಇದೇ ನಿಯಮ.

2023ರ ಮೇ 10ರಂದು ರಾಜ್ಯದ 224 ಕ್ಷೇತ್ರಗಳಿಗೆ ಒಂದೇ ದಿನ ಮತದಾನವಾಯಿತು. ಮತದಾರರು ಸುಮಾರು 5 ಕೋಟಿ 30 ಲಕ್ಷ, ಮತಗಟ್ಟೆಗಳು 58 ಸಾವಿರಕ್ಕೂ ಹೆಚ್ಚು. 80 ವರ್ಷ ದಾಟಿದವರಿಗೆ ಮನೆಯಿಂದಲೇ ಮತ ಹಾಕುವ ಅವಕಾಶ ನಮ್ಮ ವಿಧಾನಸಭಾ ಚುನಾವಣೆಯಲ್ಲಿ ಮೊದಲು ಸಿಕ್ಕಿದ್ದು ಆಗಲೇ. ಇಷ್ಟೆಲ್ಲ ಕೆಲಸವನ್ನು ಕೈಯಾರೆ ಮಾಡುವವರಲ್ಲಿ ದೊಡ್ಡ ಪಾಲು ಶಿಕ್ಷಕರು. ಮಸ್ಟರಿಂಗ್ ಕೇಂದ್ರದಲ್ಲಿ ಯಂತ್ರ, ಚೀಲ, ಅರಗು, ನಮೂನೆಗಳ ಕಟ್ಟು ಹೊತ್ತು ಬಸ್ಸು ಹತ್ತುವುದು, ಯಾವುದೋ ಊರಿನ ಶಾಲೆಯಲ್ಲಿ ರಾತ್ರಿ ಕಳೆಯುವುದು, ಬೆಳಿಗ್ಗೆ ಏಜೆಂಟರ ಮುಂದೆ ಕನಿಷ್ಠ 50 ಮತಗಳ ಅಣಕು ಮತದಾನ ಮಾಡಿ ತೋರಿಸುವುದು, ಸಂಜೆ ಒಟ್ಟು ಮತಗಳ ಲೆಕ್ಕವನ್ನು ನಮೂನೆ 17ಸಿಯಲ್ಲಿ ಬರೆದು ಏಜೆಂಟರಿಗೆ ಪ್ರತಿ ಕೊಡುವುದು, ಡಿಮಸ್ಟರಿಂಗ್‌ನಲ್ಲಿ ನಡುರಾತ್ರಿಯವರೆಗೆ ಸಾಲು ನಿಲ್ಲುವುದು. ಈ ಕೆಲಸ ಮಾಡಿದ ಶಿಕ್ಷಕರಿಗೆ ನಾನು ಹೊಸದೇನೂ ಹೇಳುತ್ತಿಲ್ಲ. ವಿದ್ಯಾರ್ಥಿಗಳಿಗಾಗಿ ಎರಡು ಸಂಗತಿ. ಬಂದವನು ಆ ಮತದಾರನೇ ಅಲ್ಲ ಎಂದು ಏಜೆಂಟ್ ಆಕ್ಷೇಪಿಸಬೇಕಾದರೆ ಪ್ರತಿ ಸಲಕ್ಕೂ 2 ರೂಪಾಯಿ ಠೇವಣಿ ಇಡಬೇಕು. ಸುಮ್ಮನೆ ಬಾಯಿಮಾತಿನಲ್ಲಿ ತಡೆಯುವಂತಿಲ್ಲ. ಬುರ್ಖಾ ಧರಿಸಿದ ಹೆಂಗಸರ ಗುರುತನ್ನು ಮಹಿಳಾ ಸಿಬ್ಬಂದಿಯೇ ಮರೆಯಲ್ಲಿ ನೋಡಬೇಕು. ಅದಕ್ಕೆ ವ್ಯವಸ್ಥೆ ಮಾಡಿಸಿಕೊಡುವುದು ಅಧಿಕಾರಿಯ ಕರ್ತವ್ಯ.

ಪಂಚಾಯಿತಿ ಚುನಾವಣೆಯ ತಕ್ಕಡಿ ಬೇರೆಯವರ ಕೈಯಲ್ಲಿದೆ. ಅದರ ಚರಿತ್ರೆ ಅಬ್ದುಲ್ ನಜೀರ್ ಸಾಬ್ ಅವರಿಲ್ಲದೆ ಆರಂಭವಾಗುವುದಿಲ್ಲ. ಗುಂಡ್ಲುಪೇಟೆಯ ಈ ಸಮಾಜವಾದಿ, ರಾಮಕೃಷ್ಣ ಹೆಗಡೆ ಸಂಪುಟದ ಪಂಚಾಯತ್ ರಾಜ್ ಸಚಿವರು. ಊರೂರಿಗೆ ಕೊಳವೆಬಾವಿ ಕೊರೆಸಿ "ನೀರ್ ಸಾಬ್" ಎನಿಸಿಕೊಂಡವರು. 1983ರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಕಾಯಿದೆ ಅವರ ಕನಸು. ಹೆಂಗಸರಿಗೆ ಶೇಕಡಾ 25 ಮೀಸಲಾತಿಯೊಂದಿಗೆ 1987ರ ಜನವರಿಯಲ್ಲಿ ಚುನಾವಣೆಯಾಯಿತು. ಮರುವರ್ಷ 1988ರಲ್ಲಿ ಅವರು ತೀರಿಕೊಂಡರು. ಐದು ವರ್ಷ ಮುಗಿದಾಗ, 1992ರಲ್ಲಿ, ಮತ್ತೆ ಚುನಾವಣೆ ನಡೆಯಲಿಲ್ಲ; ಆಡಳಿತಾಧಿಕಾರಿಗಳು ಬಂದು ಕುಳಿತರು. ನಡೆಸಲೇಬೇಕು ಎಂದು ಹೇಳಲು ಸ್ವತಂತ್ರವಾದ ಯಾವ ಆಯೋಗವೂ ಇರಲಿಲ್ಲ. ನಜೀರ್ ಸಾಬ್ ಕಟ್ಟಿದ ಮನೆಗೆ ಬೀಗದ ಕೈ ಮಾತ್ರ ಸರ್ಕಾರದ ಬಳಿಯೇ ಉಳಿದಿತ್ತು.

ಈ ಕೊರತೆಯನ್ನು ತುಂಬಿದ್ದು 1993ರ ಏಪ್ರಿಲ್ 24ರಂದು ಜಾರಿಯಾದ 73ನೇ ತಿದ್ದುಪಡಿ. ಅದರ 243ಕೆ ವಿಧಿಯಂತೆ ಪ್ರತಿ ರಾಜ್ಯಕ್ಕೂ ಒಬ್ಬ ರಾಜ್ಯ ಚುನಾವಣಾ ಆಯುಕ್ತರು. ನೇಮಿಸುವವರು ರಾಜ್ಯಪಾಲರು, ಅಂದರೆ ರಾಜ್ಯ ಸರ್ಕಾರವೇ. ಆದರೆ ತೆಗೆಯಬೇಕಾದರೆ ಹೈಕೋರ್ಟ್ ನ್ಯಾಯಾಧೀಶರನ್ನು ತೆಗೆಯುವಷ್ಟೇ ಕಷ್ಟ. 1949ರಲ್ಲಿ ಅಂಬೇಡ್ಕರ್ ಬಾಗಿಲಿನಿಂದ ಹೊರಗೆ ಕಳುಹಿಸಿದ ರಾಜ್ಯ ಆಯೋಗ ಹೀಗೆ ಕಿಟಕಿಯಿಂದ ಒಳಗೆ ಬಂತು ಎನ್ನಬಹುದು. ಕರ್ನಾಟಕದಲ್ಲಿ ಅದೇ ವರ್ಷ ಆಯೋಗ ರಚನೆಯಾಗಿ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಯೂ ನಡೆಯಿತು.

ಈ ಹುದ್ದೆಯ ರಕ್ಷಣೆ ಎಷ್ಟು ಗಟ್ಟಿ ಎಂಬುದು ನೆರೆರಾಜ್ಯಗಳಲ್ಲಿ ಪರೀಕ್ಷೆಗೊಳಗಾಯಿತು. 2020ರ ಮಾರ್ಚಿನಲ್ಲಿ ಆಂಧ್ರದ ಆಯುಕ್ತ ನಿಮ್ಮಗಡ್ಡ ರಮೇಶ್ ಕುಮಾರ್ ಕೊರೊನಾ ಕಾರಣದಿಂದ ಸ್ಥಳೀಯ ಚುನಾವಣೆ ಮುಂದೂಡಿದರು. ಸರ್ಕಾರಕ್ಕೆ ಸಿಟ್ಟು ಬಂತು. ಏಪ್ರಿಲಿನಲ್ಲಿ ಸುಗ್ರೀವಾಜ್ಞೆ ತಂದು ಆಯುಕ್ತರ ಅವಧಿಯನ್ನೇ ಐದರಿಂದ ಮೂರು ವರ್ಷಕ್ಕಿಳಿಸಿ ಅವರನ್ನು ಮನೆಗೆ ಕಳುಹಿಸಿತು. ಮೇ 29ರಂದು ಹೈಕೋರ್ಟ್ ಆ ಸುಗ್ರೀವಾಜ್ಞೆಯನ್ನು ರದ್ದುಪಡಿಸಿತು. ಅವರು ಮರಳಿ ಬಂದರು. ಗೋವಾದಲ್ಲಿ ಸರ್ಕಾರ ತನ್ನ ಕಾನೂನು ಕಾರ್ಯದರ್ಶಿಗೇ ಆಯುಕ್ತರ ಹೆಚ್ಚುವರಿ ಕೆಲಸ ವಹಿಸಿತ್ತು. ಗೋವಾ ರಾಜ್ಯ ಮತ್ತು ಫೌಜಿಯಾ ಇಮ್ತಿಯಾಜ್ ಶೇಖ್ ನಡುವಿನ ಪ್ರಕರಣದಲ್ಲಿ 2021ರ ಮಾರ್ಚ್ 12ರಂದು ಸುಪ್ರೀಂ ಕೋರ್ಟ್ ಇದನ್ನು ಸಂವಿಧಾನದ ಅಣಕವೆಂದೇ ಕಂಡಿತು. ಸರ್ಕಾರದ ಹುದ್ದೆಯಲ್ಲಿರುವ ಯಾರೂ ರಾಜ್ಯ ಚುನಾವಣಾ ಆಯುಕ್ತರಾಗಬಾರದು ಎಂದು ಎಲ್ಲ ರಾಜ್ಯಗಳಿಗೂ ಅನ್ವಯಿಸಿ ಹೇಳಿತು.

ನಮ್ಮ ರಾಜ್ಯದಲ್ಲಿ ಆಯುಕ್ತರನ್ನು ಯಾರೂ ತೆಗೆಯಲಿಲ್ಲ. ಬೇರೆ ದಾರಿ ಹಿಡಿದರು. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಚುನಾವಣೆಗೆ ಆಯೋಗ ಸಿದ್ಧತೆ ನಡೆಸಿದ್ದ ಹೊತ್ತಿನಲ್ಲಿ ಕಾಯಿದೆ ತಿದ್ದಿ ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ಆಯೋಗದಿಂದ ಹಿಂದಕ್ಕೆ ಪಡೆದು ಬೇರೊಂದು ಆಯೋಗಕ್ಕೆ ಕೊಡಲಾಯಿತು. ಗಡಿ ಗುರುತಿಸದೆ, ಮೀಸಲಾತಿ ನಿಗದಿಯಾಗದೆ ಚುನಾವಣೆ ಹೇಗೆ ನಡೆದೀತು? ರಾಜ್ಯ ಚುನಾವಣಾ ಆಯೋಗವೇ ಹೈಕೋರ್ಟ್ ಮೆಟ್ಟಿಲು ಹತ್ತಿತು. ಸರ್ಕಾರ ಬದಲಾಯಿತು, ಪಕ್ಷ ಬದಲಾಯಿತು, ವರ್ಷಗಳು ಉರುಳಿದವು. ತಕ್ಕಡಿ ಹಿಡಿಯುವವನು ಪ್ರಾಮಾಣಿಕನಾದರೆ ಸಾಲದು, ಸಂತೆ ಕೂಡುವ ದಿನವನ್ನೂ ಅವನೇ ಹೇಳುವಂತಿರಬೇಕು ಎಂಬುದು ಇಲ್ಲಿ ಸ್ಪಷ್ಟವಾಗಿದೆ.

ದೆಹಲಿಯ ಹುದ್ದೆಯ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1990ರ ಕೊನೆಯಲ್ಲಿ ಹದಿನಾರು ದಿನ ಮಾತ್ರ ಮುಖ್ಯ ಆಯುಕ್ತರಾಗಿದ್ದ ವಿ.ಎಸ್. ರಮಾದೇವಿ ಆ ಸ್ಥಾನಕ್ಕೇರಿದ ಮೊದಲ ಮಹಿಳೆ. ಮುಂದೆ 1999ರಿಂದ 2002ರವರೆಗೆ ನಮ್ಮ ರಾಜ್ಯದ ರಾಜ್ಯಪಾಲರಾದರು. ಅವರ ನಂತರ ಬಂದ ಟಿ.ಎನ್. ಶೇಷನ್ ಅವರನ್ನು ಪರಿಚಯಿಸಬೇಕಿಲ್ಲ. 2010ರಿಂದ 2012ರವರೆಗೆ ಎಸ್.ವೈ. ಖುರೇಷಿ, ಮುಂದೆ 2015ರಿಂದ 2017ರವರೆಗೆ ನಸೀಮ್ ಜೈದಿ ಈ ಹುದ್ದೆ ನಿರ್ವಹಿಸಿದರು. ಇವರೆಲ್ಲರನ್ನೂ ಆಯಾ ಸರ್ಕಾರದ ಸಲಹೆಯಂತೆಯೇ ನೇಮಿಸಿದ್ದು. ಸಕ್ಸೇನಾ ಎತ್ತಿದ ಪ್ರಶ್ನೆ 2023ರ ಮಾರ್ಚ್ 2ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠದ ಮುಂದೆ ಮತ್ತೆ ಜೀವ ಪಡೆಯಿತು. ಸಂಸತ್ತು ಕಾನೂನು ಮಾಡುವವರೆಗೆ ಪ್ರಧಾನಿ, ಲೋಕಸಭೆಯ ವಿರೋಧ ಪಕ್ಷದ ನಾಯಕ, ಮುಖ್ಯ ನ್ಯಾಯಮೂರ್ತಿ ಈ ಮೂವರ ಸಮಿತಿ ಹೆಸರು ಸೂಚಿಸಲಿ ಎಂದು ಪೀಠ ಹೇಳಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸಂಸತ್ತು ಮಾಡಿದ ಕಾನೂನು ಮುಖ್ಯ ನ್ಯಾಯಮೂರ್ತಿಗಳ ಜಾಗದಲ್ಲಿ ಒಬ್ಬ ಕೇಂದ್ರ ಸಚಿವರನ್ನು ಕೂರಿಸಿತು. ಮೂವರಲ್ಲಿ ಇಬ್ಬರು ಒಂದೇ ಕಡೆಯವರಾದರೆ ಲೆಕ್ಕ ಏನಾಗುತ್ತದೆಂದು ಐದನೇ ತರಗತಿಯ ಮಗುವೂ ಹೇಳೀತು.

ಕೊನೆಗೆ ಮಾತು ಮತ್ತೆ ಪಟ್ಟಿಗೇ ಬರುತ್ತದೆ. 2022ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಖಾಸಗಿ ಸಂಸ್ಥೆಯೊಂದರ ಜನ ಜಾಗೃತಿಯ ಹೆಸರಿನಲ್ಲಿ ಮನೆಮನೆಯ ಮತದಾರರ ಮಾಹಿತಿ ಸಂಗ್ರಹಿಸಿದರೆಂಬ ಆರೋಪ ಬಂದಾಗ, ಚುನಾವಣಾ ಆಯೋಗ ಇಬ್ಬರು ಐಎಎಸ್ ಅಧಿಕಾರಿಗಳನ್ನು ಅಮಾನತುಗೊಳಿಸಲು ಹೇಳಿ, ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಪಟ್ಟಿಯನ್ನು ಮರುಪರಿಶೀಲಿಸಲು ಆದೇಶಿಸಿತು. 2025ರಲ್ಲಿ ಬಿಹಾರದ ವಿಶೇಷ ಪರಿಷ್ಕರಣೆಯ ಕರಡಿನಲ್ಲಿ ಸುಮಾರು 65 ಲಕ್ಷ ಹೆಸರುಗಳು ಇರಲಿಲ್ಲ. ಯಾವ ಹೆಸರು ಯಾವ ಕಾರಣಕ್ಕೆ ಬಿಟ್ಟುಹೋಗಿದೆ ಎಂದು ಪ್ರಕಟಿಸುವಂತೆ ಸುಪ್ರೀಂ ಕೋರ್ಟ್ ಆಗಸ್ಟ್ 14ರಂದು ಆದೇಶಿಸಬೇಕಾಯಿತು.

ಇವೆರಡಕ್ಕಿಂತ ನನಗೆ ಮುಖ್ಯವೆನಿಸಿದ್ದು ಕಲಬುರಗಿ ಜಿಲ್ಲೆಯ ಆಳಂದದ ಸಂಗತಿ. ಲಾಡ್ಲೆ ಮಶಾಕರ ದರ್ಗಾದಿಂದ ಹೆಸರಾದ ಊರು. 2023ರ ಚುನಾವಣೆಗೆ ಮೊದಲು ಆ ಕ್ಷೇತ್ರದಲ್ಲಿ ಹೆಸರು ತೆಗೆದುಹಾಕಬೇಕೆಂದು ಕೋರುವ ನಮೂನೆ 7ರ ಅರ್ಜಿಗಳು ಆನ್‌ಲೈನ್ ಮೂಲಕ 6,018 ಬಂದವು. ತನ್ನದೇ ಸಂಬಂಧಿಕರೊಬ್ಬರ ಹೆಸರು ತೆಗೆಯಲು ಅರ್ಜಿ ಬಂದದ್ದನ್ನು ಕಂಡು ಮತಗಟ್ಟೆ ಮಟ್ಟದ ಅಧಿಕಾರಿಯೊಬ್ಬರಿಗೆ ಅನುಮಾನ ಬಂತು. ಯಾರ ಹೆಸರಿನಲ್ಲಿ ಅರ್ಜಿ ಬಂದಿತ್ತೋ ಅವರು ತಾವು ಹಾಕೇ ಇಲ್ಲವೆಂದರು. ಆಗ ಒಂದೊಂದನ್ನೂ ಸ್ಥಳದಲ್ಲೇ ಹೋಗಿ ಪರಿಶೀಲಿಸಿದರು. ನಿಜವಾಗಿ ತೆಗೆಯಬೇಕಾಗಿದ್ದವು 24. ಉಳಿದ 5,994 ಹೆಸರುಗಳು ಪಟ್ಟಿಯಲ್ಲೇ ಉಳಿದವು. ಅರ್ಜಿ ಹಾಕಿದವರು ಯಾರೆಂದು ಪತ್ತೆಹಚ್ಚಲು ಆ ವರ್ಷದ ಫೆಬ್ರವರಿಯಲ್ಲಿ ಆಳಂದ ಪೊಲೀಸ್ ಠಾಣೆಯಲ್ಲಿ ಮೊಕದ್ದಮೆ ದಾಖಲಾಯಿತು.